ಕ್ಷ ಒಡೆದಾಗ: ಪಿ5.ಜೆಎಸ್‌ಗೆ ಒಂದು ಟೆಸ್ಟ್ ಸೇರಿಸಲು ಹಿಡಿದ ಒಂಬತ್ತು ವಾರಗಳ ಲಾಗ್

ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ, ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆಯನ್ನು ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ತೆರೆದೇ ಇದೆ. ಆದರೂ ಈಗಲೇ ಬರೆದಿಡುತ್ತಿದ್ದೇನೆ. ಇನ್ನೊಂದು ತಿಂಗಳು ಬಿಟ್ಟರೆ ಎಲ್ಲೆಲ್ಲಿ ಎಡವಿದೆ ಅನ್ನುವುದು ಮರೆತುಹೋಗಿ, ಎಲ್ಲ ಸಲೀಸಾಗಿ ಆಯಿತು ಅಂತ ನನಗೇ ನಂಬಿಕೆ ಬಂದುಬಿಡುತ್ತದೆ.

ಪಿ5.ಜೆಎಸ್ ಗೊತ್ತಿಲ್ಲದವರಿಗೆ ಎರಡೇ ಮಾತು. ಕೋಡ್ ಬರೆದು ಚಿತ್ರ, ಚಲನೆ, ಆಟ ಮಾಡುವವರಿಗೆಂದು 2001ರಲ್ಲಿ ಕೇಸಿ ರಿಯಾಸ್ ಮತ್ತು ಬೆನ್ ಫ್ರೈ ಶುರುಮಾಡಿದ ಪ್ರೊಸೆಸಿಂಗ್ ಅನ್ನುವ ಸಲಕರಣೆ ಇದೆ. ಅದೇ ಆಲೋಚನೆಯನ್ನು ಬ್ರೌಸರ್‌ಗೆ ತಂದದ್ದು ಪಿ5.ಜೆಎಸ್, 2013ರಲ್ಲಿ ಲಾರೆನ್ ಲೀ ಮೆಕಾರ್ಥಿ ಆರಂಭಿಸಿದ್ದು. ಮುಕ್ತ ತಂತ್ರಾಂಶ, ಯಾರು ಬೇಕಾದರೂ ಕೈ ಜೋಡಿಸಬಹುದು. ಆ "ಯಾರು ಬೇಕಾದರೂ" ಅನ್ನುವುದನ್ನು ನಾನು ಸ್ವಲ್ಪ ಜಾಸ್ತಿಯೇ ನಂಬಿ ಒಳಗೆ ನುಗ್ಗಿದೆ.

ಸಾಮಾನು: 8 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪ್, ಗಿಟ್, ನೋಡ್ 20, ವಿಎಸ್ ಕೋಡ್, ಪೈಥಾನಿನ ಫಾಂಟ್‌ಟೂಲ್ಸ್, ನೋಟೋ ಸಾನ್ಸ್ ಕನ್ನಡ ಫಾಂಟು. ದುಡ್ಡಿನ ಖರ್ಚು ಸೊನ್ನೆ. ಹೊತ್ತು ಮಾತ್ರ 59 ಗಂಟೆ, ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಎಣಿಸಿದ್ದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರಲ್ಲಿ ಹೋಮ.

1. ಆಗಸ್ಟ್ 9, 2025, ಶನಿವಾರ (6 ಗಂಟೆ)

ಮಾಡಲು ಹೊರಟಿದ್ದು ಅಕ್ಷರ ಮಳೆ. 800ಕ್ಕೆ 400 ಪಿಕ್ಸೆಲ್‌ನ ಕ್ಯಾನ್ವಾಸ್, ಮೇಲ್ಗಡೆ ಒಂದು ಸಾಲು ಬರಹ. ಕ್ಲಿಕ್ ಮಾಡಿದರೆ ಅಕ್ಷರಗಳು ಒಂದೊಂದಾಗಿ ಕಳಚಿ ಬಿದ್ದು, ನೆಲಕ್ಕೆ ಬಡಿದು ಪುಟಿದು, ಮತ್ತೆ ಮೇಲೆ ಹೋಗಿ ಸೇರಿಕೊಳ್ಳಬೇಕು. ಬೀಳುವ ಭಾಗ ಇಂಗ್ಲಿಷ್ ಸಾಲಿಗೆ ಅರ್ಧ ಗಂಟೆಯಲ್ಲಿ, ಸುಮಾರು 40 ಸಾಲಿನ ಕೋಡಿನಲ್ಲಿ ಆಗಿಹೋಯಿತು. ಖುಷಿಯಾಗಿ ಕನ್ನಡ ಕೊಟ್ಟೆ.

"ರಾಷ್ಟ್ರ" ಅಂತ ಕೊಟ್ಟರೆ ಏಳು ಚೂರು ಬಿದ್ದವು. ರ ಒಂದು ಕಡೆ, ಅದರ ಇಳಿ ಒಂದು ಕಡೆ, ಷ ಬೇರೆ, ಟ ಬೇರೆ. ನೋಡಲು ಒಂಥರಾ ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದು ಅಕ್ಷರ ಮಳೆಯಲ್ಲ, ಅಕ್ಷರದ ಹೊಟ್ಟು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಟಿಪ್ಪಣಿ ಪುಸ್ತಕದಲ್ಲಿ "ಪಿ5ನಲ್ಲಿ ಕನ್ನಡದ ಬಗ್ ಇದೆ, ವರದಿ ಮಾಡಬೇಕು" ಅಂತ ಬರೆದೆ. ಕಾರಣ ನನ್ನ ಕೋಡಿನಲ್ಲೇ ಇತ್ತು. ಬರಹವನ್ನು ಚೂರು ಮಾಡಲು ನಾನು ಬಳಸಿದ್ದು ಜಾವಾಸ್ಕ್ರಿಪ್ಟಿನ ಸ್ಪ್ಲಿಟ್. ಖಾಲಿ ಸ್ಟ್ರಿಂಗ್ ಕೊಟ್ಟು ಸ್ಪ್ಲಿಟ್ ಮಾಡಿದರೆ ಅದು ಯೂನಿಕೋಡ್ (ಲಿಪಿಗಳ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪಟ್ಟಿ) ತುಂಡುಗಳನ್ನು ಕೊಡುತ್ತದೆಯೇ ಹೊರತು ನಾವು ಅಕ್ಷರ ಅನ್ನುವುದನ್ನಲ್ಲ. ರ, ಆಕಾರದ ಚಿಹ್ನೆ, ಷ, ಹಲಂತ, ಟ, ಹಲಂತ, ರ. ಲೆಕ್ಕ ಸರಿಯಾಗಿದೆ, ಏಳು. "ಸ್ತ್ರೀ" ಅನ್ನುವ ಒಂದೇ ಅಕ್ಷರ ಅದರ ಕಣ್ಣಿಗೆ ಆರು.

ಇದು ಹೊಳೆಯಲು ಆರು ಗಂಟೆ ಹಿಡಿದದ್ದು ಯಾಕೆಂದರೆ ಒಂದರ ಮೇಲೊಂದು ಎರಡು ತೊಂದರೆ ಕುಳಿತಿದ್ದವು. ಸ್ಪ್ಲಿಟ್ ತೆಗೆದು ಇಡೀ ಪದವನ್ನು ಒಟ್ಟಿಗೆ ಬರೆಸಿದರೂ ಒತ್ತು ಕೂಡುತ್ತಿರಲಿಲ್ಲ! ನಾನು ಹಳೆಯ 1.x ಆವೃತ್ತಿಯಲ್ಲಿದ್ದೆ. ಅಲ್ಲಿ ಲೋಡ್‌ಫಾಂಟ್ ಮೂಲಕ ಫಾಂಟ್ ತಂದರೆ ಬರಹವನ್ನು ಬ್ರೌಸರ್ ಬರೆಯುವುದಿಲ್ಲ, ಓಪನ್‌ಟೈಪ್.ಜೆಎಸ್ ಅನ್ನುವ ಲೈಬ್ರರಿ ಒಂದೊಂದೇ ಅಕ್ಷರದ ಗೆರೆ ತೆಗೆದುಕೊಡುತ್ತದೆ, ಅದಕ್ಕೆ ನಮ್ಮ ಒತ್ತಕ್ಷರ ಕೂಡಿಸುವ ವಿದ್ಯೆ ಇಲ್ಲ. ಅದೇ ಫಾಂಟನ್ನು ಸಿಎಸ್‌ಎಸ್‌ನಲ್ಲಿ ಸೇರಿಸಿ, ಟೆಕ್ಸ್ಟ್‌ಫಾಂಟ್‌ಗೆ ಹೆಸರು ಮಾತ್ರ ಕೊಟ್ಟರೆ ಬ್ರೌಸರೇ ಬರೆಯುತ್ತದೆ, ಒತ್ತು ಸರಿಯಾಗಿ ಕೂರುತ್ತದೆ. 2025ರ ಏಪ್ರಿಲ್‌ನಲ್ಲಿ ಬಂದ 2.0 ಆವೃತ್ತಿಯಲ್ಲಿ ಲೋಡ್‌ಫಾಂಟ್ ಕೂಡ ಬ್ರೌಸರಿನ ಕೈಗೇ ಫಾಂಟ್ ಒಪ್ಪಿಸುತ್ತದೆ. ಸ್ಕೆಚ್ಚನ್ನು (ಪಿ5ನಲ್ಲಿ ಬರೆದ ಪ್ರೋಗ್ರಾಮಿಗೆ ಹೀಗನ್ನುತ್ತಾರೆ) 2.0ಗೆ ಏರಿಸಿದೆ. ಫಾಂಟನ್ನು ಮೊದಲೇ ತರುವ ಪ್ರೀಲೋಡ್ ಅಲ್ಲಿಲ್ಲ, ಸೆಟಪ್ಪನ್ನೇ ಅಸಿಂಕ್ ಮಾಡಿ, ಫಾಂಟ್ ಬರುವವರೆಗೆ ಕಾಯಲು ಅವೈಟ್ ಹಾಕಬೇಕು. ಹತ್ತು ನಿಮಿಷದ ಕೆಲಸ.

2. ಆಗಸ್ಟ್ 10, ಭಾನುವಾರ (3 ಗಂಟೆ)

ಒಡೆಯುವ ಕೆಲಸಕ್ಕೆ ಜಾವಾಸ್ಕ್ರಿಪ್ಟಿನಲ್ಲೇ ಇಂಟ್ಲ್.ಸೆಗ್ಮೆಂಟರ್ ಇದೆ. "ಗ್ರ್ಯಾಫೀಮ್" ಅಂತ ಕೇಳಿದರೆ ಕಣ್ಣಿಗೆ ಒಂದಾಗಿ ಕಾಣುವ ಗುಂಪುಗಳನ್ನು ಕೊಡುತ್ತದೆ ಅಂತ ಓದಿದೆ. ಫೈರ್‌ಫಾಕ್ಸ್‌ಗೂ 2024ರಲ್ಲಿ ಬಂದಾಗಿದೆ. ಸಮಸ್ಯೆ ಮುಗಿಯಿತು ಅಂದುಕೊಂಡೆ.

ಗುಣಿತ ಸರಿಹೋಯಿತು. "ರಾ" ಒಂದೇ ಚೂರು. ಆದರೆ "ಕ್ಷ" ಕೊಟ್ಟರೆ "ಕ್" ಮತ್ತು "ಷ", ಎರಡು. ರಾಷ್ಟ್ರ ಏಳರಿಂದ ನಾಲ್ಕಕ್ಕೆ ಇಳಿಯಿತು, ಬೇಕಾದದ್ದು ಎರಡು.

ಇದರಲ್ಲಿ ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ದೇವನಾಗರಿಯ ಕ್ಷ ಕೊಟ್ಟು ನೋಡಿದೆ, ಒಂದೇ ಚೂರು. ತೆಲುಗಿನದೂ ಒಂದೇ. ಕನ್ನಡದ್ದು ಮಾತ್ರ ಎರಡು. ಹುಡುಕಿದಾಗ ತಿಳಿಯಿತು: 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಸಂಯುಕ್ತಾಕ್ಷರವನ್ನು ಒಡೆಯಬಾರದು ಅನ್ನುವ ನಿಯಮ ಸೇರಿಸಿದಾಗ ಬಂಗಾಳಿ, ದೇವನಾಗರಿ, ಗುಜರಾತಿ, ಮಲಯಾಳಂ, ಒಡಿಯಾ, ತೆಲುಗು ಈ ಆರು ಲಿಪಿಗಳಿಗೆ ಮಾತ್ರ ಅನ್ವಯಿಸಿದ್ದರು. ಅಣ್ಣ ತಮ್ಮಂದಿರ ಹಾಗಿರುವ ತೆಲುಗು ಒಳಗೆ, ಕನ್ನಡ ಹೊರಗೆ. ಇದು ಪಿ5ನ ವಿಷಯವೂ ಅಲ್ಲ, ಬ್ರೌಸರಿನ ವಿಷಯವೂ ಅಲ್ಲ. ಆದರೆ ಇಂಥದ್ದನ್ನು ಯಾರಾದರೂ ಎಲ್ಲಾದರೂ ಒಂದು ಟೆಸ್ಟ್ (ತಾನೇ ಓಡಿ ತಪ್ಪು ಹಿಡಿಯುವ ಕೋಡ್) ಬರೆದು ಹಿಡಿದಿಡಬೇಕು ಅನ್ನಿಸಿತು. ಆ ಯೋಚನೆ ಬಂದ ಕೂಡಲೇ ಅದನ್ನೇ ಮಾಡಿದ್ದರೆ ಈ ಲಾಗ್ ಅರ್ಧ ಪುಟಕ್ಕೆ ಮುಗಿಯುತ್ತಿತ್ತು. ನಾನು ಮಾಡಿದ್ದು ಬೇರೆ.

3. ಆಗಸ್ಟ್ 16ರಿಂದ 24 (12 ಗಂಟೆ)

ನನ್ನದೇ ಒಡೆಯುವ ಫಂಕ್ಷನ್ ಬರೆಯಲು ಕುಳಿತೆ. ರೆಜೆಕ್ಸ್, ಅಂದರೆ ಬರಹದಲ್ಲಿ ಮಾದರಿ ಹುಡುಕುವ ಸೂತ್ರ, ಒಂದು ಸಾಲು. ಮೊದಲ ರೂಪ ಹೀಗಿತ್ತು: ಕ ದಿಂದ ಹ ವರೆಗಿನ ಒಂದು ವ್ಯಂಜನ; ಅದರ ನಂತರ ಹಲಂತ ಮತ್ತು ವ್ಯಂಜನದ ಜೋಡಿ ಎಷ್ಟಿದ್ದರೂ ಸರಿ; ಇದ್ದರೆ ಒಂದು ಗುಣಿತ ಚಿಹ್ನೆ; ಇದ್ದರೆ ಅನುಸ್ವಾರ ಅಥವಾ ವಿಸರ್ಗ. ಸ್ವರಗಳಿಗೆ ಬೇರೆ ದಾರಿ. ಪರೀಕ್ಷೆಗೆ 43 ಪದಗಳ ಪಟ್ಟಿ ಮಾಡಿಕೊಂಡೆ. ಮೊದಲ ಸಲ 29 ಪಾಸು.

ಬಿದ್ದ 14 ಪದಗಳೇ ನನಗೆ ನನ್ನ ಲಿಪಿಯನ್ನು ಕಲಿಸಿದ್ದು. ಬಿದ್ದ ಕ್ರಮದಲ್ಲೇ ಬರೆಯುತ್ತೇನೆ.

"ಕೋಡ್". ಕೊನೆಯ ಹಲಂತಕ್ಕೆ ನಾನು ಜಾಗವನ್ನೇ ಇಟ್ಟಿರಲಿಲ್ಲ. ಡ ಬೇರೆ, ಹಲಂತ ಬೇರೆ, ಆಸರೆಯಿಲ್ಲದ ಹಲಂತದ ಕೆಳಗೆ ಚುಕ್ಕಿ ಚುಕ್ಕಿಯ ಒಂದು ವೃತ್ತ. ಎರವಲು ಪದಗಳಿಲ್ಲದ ಕನ್ನಡವನ್ನು ತಲೆಯಲ್ಲಿಟ್ಟುಕೊಂಡು ಬರೆದಿದ್ದೆ ಅಂತ ಕಾಣುತ್ತದೆ. ನಾನು ದಿನಾ ಬರೆಯುವ ಕನ್ನಡದಲ್ಲಿ ಎರಡು ಪದಕ್ಕೊಂದು ಹಲಂತ ಇರುತ್ತದೆ.

"ಬ್ರೌಸರ್‌ನಲ್ಲಿ". ಇಲ್ಲಿ ರ್ ಮತ್ತು ನ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ಒತ್ತು ಆಗಬೇಡ ಅಂತ ತಡೆಯುವುದು. ಅದು ನನ್ನ ಕೋಡಿನಲ್ಲಿ ಸ್ವತಂತ್ರ ಅಕ್ಷರವಾಗಿ ಬಿತ್ತು. ಮಳೆಯ ನಡುವೆ ಏನೂ ಇಲ್ಲದ ಒಂದು ಜಾಗ ಬೀಳುತ್ತಿತ್ತು. ಪಕ್ಕದ ಅಕ್ಷರಗಳು ಅದಕ್ಕೆ ದಾರಿ ಬಿಡುತ್ತಿದ್ದವು. ಇದನ್ನು ಹಿಡಿಯಲು ಒಂದು ಸಂಜೆ ಪೂರ್ತಿ ಹೋಯಿತು. ಪ್ರತಿ ಚೂರಿನ ಸುತ್ತ ಕೆಂಪು ಚೌಕ ಬರೆಸಿದಾಗ ಸೊನ್ನೆ ಅಗಲದ ಒಂದು ಗೆರೆ ಮಾತ್ರ ಕಂಡಿತು. ಪರಿಹಾರ: ಆ ಚಿಹ್ನೆಯನ್ನು ಹಿಂದಿನ ಅಕ್ಷರಕ್ಕೇ ಅಂಟಿಸುವುದು.

"ರ‍್ಯಾಂಕ್". ಇದು ಅದರ ಅಣ್ಣ. ಇಲ್ಲಿ ಕೂಡಿಸುವ ಅದೃಶ್ಯ ಚಿಹ್ನೆ ಹಲಂತದ ಮೊದಲೇ ಬರುತ್ತದೆ. ಅದಿಲ್ಲದಿದ್ದರೆ ರ ಅರ್ಕಾವತ್ತಾಗಿ ಬಲಗಡೆಗೆ ಹಾರುತ್ತದೆ, ಸೂರ್ಯ ಅನ್ನುವ ಪದದಲ್ಲಿ ಆಗುವ ಹಾಗೆ. ವ್ಯಂಜನವಾದ ಮೇಲೆ ಹಲಂತವೇ ಬರಬೇಕು ಅಂದುಕೊಂಡಿದ್ದ ನನ್ನ ರೆಜೆಕ್ಸ್ ಅಲ್ಲೇ ಮುಗ್ಗರಿಸಿತು.

"ೞ". ಕ ದಿಂದ ಹ ವರೆಗೆ ಅಂದರೆ ಎಲ್ಲ ವ್ಯಂಜನಗಳೂ ಬಂದವು ಅನ್ನುವುದು ನನ್ನ ಲೆಕ್ಕ. ಯೂನಿಕೋಡ್ ಪಟ್ಟಿಯಲ್ಲಿ, ದಶಮಾನದಲ್ಲಿ ಹೇಳುವುದಾದರೆ, ಕ 3221ನೇ ಮನೆ, ಹ 3257ನೇ ಮನೆ. ಱ ಆ ಸಾಲಿನೊಳಗೇ ಇದೆ. ಆದರೆ ೞ ಇರುವುದು 3294ರಲ್ಲಿ, ಊರಾಚೆ. ಹಳಗನ್ನಡದ ಸಾಲು ಕೊಟ್ಟವರಿಗೆ ಮಾತ್ರ ತೊಂದರೆ, ಆದರೆ ಅಕ್ಷರ ಮಳೆಗೆ ಹಳಗನ್ನಡಕ್ಕಿಂತ ಚಂದದ ಸಾಲು ಎಲ್ಲಿ ಸಿಗುತ್ತದೆ?

"ಜ಼ೂ", "ಫ಼ೋನ್". ಕೆಳಗಿನ ಎರಡು ಚುಕ್ಕಿ ನನ್ನ ನಿಯಮದಲ್ಲಿ ಇರಲಿಲ್ಲ. ಸೇರಿಸಿದೆ.

ಕೊನೆಯದು ತುಂಬಾ ಕಾಡಿದ್ದು. ಒಂದೇ ಪದ, ಒಂದು ಕಡತದಿಂದ ನಕಲು ಮಾಡಿದರೆ ಪಾಸು, ಇನ್ನೊಂದರಿಂದ ಮಾಡಿದರೆ ಫೇಲು. ಕಣ್ಣಿಗೆ ಎರಡೂ "ಕೋಣ". ಅಳತೆ ಕೇಳಿದರೆ ಒಂದು 3, ಇನ್ನೊಂದು 5. ಕೋ ಅನ್ನುವಲ್ಲಿನ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು; ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘ ಹೀಗೆ ಮೂರಾಗಿಯೂ ಇಡಬಹುದು. ಒಡೆಯುವ ಮೊದಲು ನಾರ್ಮಲೈಸ್ ಕರೆದು ಎನ್‌ಎಫ್‌ಸಿ ಅನ್ನುವ ಕೂಡಿಸಿದ ರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ. ಒಂದು ಸಾಲಿನ ಪರಿಹಾರ, ನಾಲ್ಕು ಗಂಟೆಯ ಹುಡುಕಾಟ.

ಆಗಸ್ಟ್ 24ರ ರಾತ್ರಿ 43ಕ್ಕೆ 43.

4. ಆಗಸ್ಟ್ 30 ಮತ್ತು 31 (10 ಗಂಟೆ, ಹತ್ತೂ ದಂಡ)

ಇಲ್ಲಿಂದ ನನ್ನ ಉತ್ಸಾಹದ ಪ್ರಕರಣ. ಇಷ್ಟು ಒಳ್ಳೆಯ ಫಂಕ್ಷನ್ ಪಿ5ನ ಒಳಗೇ ಇರಬೇಕು ಅಂತ ತೀರ್ಮಾನಿಸಿ, ರೆಪೊವನ್ನು (ಕೋಡಿನ ಭಂಡಾರ) ಫೋರ್ಕ್ ಮಾಡಿ, ಅಂದರೆ ನನ್ನದೊಂದು ನಕಲು ಮಾಡಿಕೊಂಡು, ನೇರವಾಗಿ ಪುಲ್ ರಿಕ್ವೆಸ್ಟ್ ಕಳಿಸಿದೆ. ತಪ್ಪುಗಳು, ದೊಡ್ಡದರಿಂದ ಸಣ್ಣದಕ್ಕೆ:

ಇಶ್ಯೂ (ಸಮಸ್ಯೆ ಹೇಳಿ ಚರ್ಚಿಸುವ ಪುಟ) ತೆರೆಯಲಿಲ್ಲ. ಕೈಜೋಡಿಸುವವರಿಗೆಂದು ರೆಪೊದಲ್ಲೇ ಕಾಂಟ್ರಿಬ್ಯೂಟರ್ ಡಾಕ್ಸ್ ಅಂತ ಒಂದು ಫೋಲ್ಡರ್ ಇದೆ. ಮೊದಲು ಇಶ್ಯೂ, ಅಲ್ಲಿ ಮಾತುಕತೆ, ಒಪ್ಪಿಗೆ ಸಿಕ್ಕ ಮೇಲೆ ಕೋಡ್ ಅಂತ ಅದರಲ್ಲಿ ಬಿಡಿಸಿ ಬರೆದಿದೆ. ನಾನು ಆ ಫೋಲ್ಡರ್ ತೆರೆದದ್ದು ಪುಲ್ ರಿಕ್ವೆಸ್ಟ್ ಮುಚ್ಚಿದ ಮೇಲೆ.

ಹೊಸ ಫೀಚರ್ ಕಳಿಸಿದೆ. ಹೊಸ ಫೀಚರ್‌ಗಳನ್ನು ಸುಮ್ಮನೆ ಸೇರಿಸುತ್ತಾ ಹೋಗುವುದಿಲ್ಲ, ಹೆಚ್ಚು ಜನರಿಗೆ ಬಾಗಿಲು ತೆರೆಯುವಂಥದ್ದನ್ನು ಮಾತ್ರ ಸೇರಿಸುತ್ತೇವೆ ಅಂತ 2019ರಲ್ಲೇ ಪಿ5ನವರು ನಿರ್ಧರಿಸಿದ್ದಾರೆ. ನನ್ನದು ಬಾಗಿಲು ತೆರೆಯುವಂಥದ್ದೇ ಅಂತ ಈಗಲೂ ವಾದಿಸುತ್ತೇನೆ. ಆದರೆ ವಾದಿಸಬೇಕಾದ ಜಾಗ ಇಶ್ಯೂ. 300 ಸಾಲಿನ ಕೋಡನ್ನು ಮುಂದಿಟ್ಟುಕೊಂಡು ವಾದ ಶುರುಮಾಡಿದರೆ ಎದುರಿನವರಿಗೆ ಬೇಡ ಅನ್ನಲೂ ಕಷ್ಟ, ಹೂಂ ಅನ್ನಲೂ ಕಷ್ಟ.

ತಪ್ಪು ಬ್ರಾಂಚ್ (ಕೋಡಿನ ಕವಲು). 2.x ಕೆಲಸ ಆಗ ನಡೆಯುತ್ತಿದ್ದದ್ದು ಡೆವ್-2.0 ಅನ್ನುವ ಬ್ರಾಂಚಿನಲ್ಲಿ. ಮೇನ್ ಇನ್ನೂ 1.x. ರೆಪೊ ದೊಡ್ಡದು ಅಂತ ನಾನು ಹಳೆಯ ಇತಿಹಾಸ ಬೇಡ ಅಂತ ಡೆಪ್ತ್ 1 ಹಾಕಿ ಕ್ಲೋನ್ ಮಾಡಿದ್ದೆ, ಅಂದರೆ ಲ್ಯಾಪ್‌ಟಾಪಿಗೆ ನಕಲು ಇಳಿಸಿಕೊಂಡಿದ್ದೆ. ಹಾಗೆ ಮಾಡಿದರೆ ಗಿಟ್ ಒಂದೇ ಬ್ರಾಂಚನ್ನು ತರುತ್ತದೆ. ಡೆವ್-2.0 ಅನ್ನುವುದೊಂದಿದೆ ಅಂತ ನನ್ನ ಲ್ಯಾಪ್‌ಟಾಪಿಗೆ ಗೊತ್ತೇ ಇರಲಿಲ್ಲ, ನನಗೂ.

ಸೇವ್ ಮಾಡಿದಾಗ ತಾನೇ ಕೋಡ್ ಅಚ್ಚುಕಟ್ಟು ಮಾಡುವ ಫಾರ್ಮ್ಯಾಟರ್ ಆನ್ ಇತ್ತು. ಇದ್ದ ಕಡತಕ್ಕೆ ನಾನು ಮುಟ್ಟಿದ್ದು 14 ಸಾಲು. ಪುಲ್ ರಿಕ್ವೆಸ್ಟಿನಲ್ಲಿ ಕಂಡದ್ದು ಇಡೀ ಕಡತವೇ ಬದಲಾಗಿದೆ ಅನ್ನುವ ಕೆಂಪು ಹಸಿರು. ಅದನ್ನು ಓದಿ ನೋಡಿ ಅಂತ ಯಾರನ್ನಾದರೂ ಕೇಳುವುದೇ ಅನ್ಯಾಯ.

ಉತ್ತರ ಎರಡು ದಿನದಲ್ಲಿ ಬಂತು, ಸೌಜನ್ಯದ್ದೇ. ಇದು ಆಡ್‌ಆನ್ ಲೈಬ್ರರಿಗೆ (ಬೇಕಾದವರು ಮಾತ್ರ ಸೇರಿಸಿಕೊಳ್ಳುವ ಹೊರಗಿನ ಕೋಡ್) ಹೇಳಿ ಮಾಡಿಸಿದ ಹಾಗಿದೆ, ಮೊದಲು ಇಶ್ಯೂ ತೆರೆದು ಸಮಸ್ಯೆ ಏನು ಅಂತ ಚಿಕ್ಕ ಸ್ಕೆಚ್ಚಿನಲ್ಲಿ ತೋರಿಸಿ, ಅಂತ. ಒಂದು ದಿನ ಮುಖ ಸಪ್ಪಗೆ ಮಾಡಿಕೊಂಡಿದ್ದೆ. ಆಮೇಲೆ ಪುಲ್ ರಿಕ್ವೆಸ್ಟನ್ನು ನಾನೇ ಮುಚ್ಚಿದೆ.

5. ಸೆಪ್ಟೆಂಬರ್ 6 ಮತ್ತು 7 (7 ಗಂಟೆ)

ಹಳೆಯ ಕ್ಲೋನ್ ಅಳಿಸಿ, ಪೂರ್ತಿ ಕ್ಲೋನ್. ಫಾರ್ಮ್ಯಾಟರ್ ಆಫ್. ಇಶ್ಯೂ ಬರೆದೆ: 11 ಸಾಲಿನ ಸ್ಕೆಚ್, ಬಂದ ಚಿತ್ರ, ಬರಬೇಕಾದ ಚಿತ್ರ, ಬ್ರೌಸರ್ ಆವೃತ್ತಿ. ಸ್ಕೆಚ್ಚನ್ನು 11 ಸಾಲಿಗೆ ಇಳಿಸುವುದೇ ಎರಡು ಗಂಟೆಯ ಕೆಲಸ. ಇಳಿಸುತ್ತಾ ಹೋದ ಹಾಗೆ ನಾನು ಬಗ್ ಅಂದುಕೊಂಡಿದ್ದರಲ್ಲಿ ಮುಕ್ಕಾಲು ಭಾಗ ನನ್ನ ಕೋಡೇ ಅಂತ ಕಾಣಿಸಿತು. ಕೊನೆಗೆ ಇಶ್ಯೂನಲ್ಲಿ ಉಳಿದದ್ದು ಒಂದೇ ಮಾತು: ಒತ್ತಕ್ಷರ ಇರುವ ಲಿಪಿಯ ಬರಹ 2.xನಲ್ಲಿ ಸರಿಯಾಗಿ ಬರುತ್ತಿದೆ, 1.xನಲ್ಲಿ ಲೋಡ್‌ಫಾಂಟ್ ಜೊತೆ ಬರುತ್ತಿರಲಿಲ್ಲ. ಮುಂದೆ ಯಾರಾದರೂ ಕೋಡ್ ಬದಲಿಸಿದಾಗ ಇದು ಮತ್ತೆ ಮುರಿಯದ ಹಾಗೆ ಒಂದು ಟೆಸ್ಟ್ ಬೇಡವೇ?

ಇದಕ್ಕೆ ಬೇಗ ಒಪ್ಪಿಗೆ ಸಿಕ್ಕಿತು. ಫಾಂಟ್ ಚಿಕ್ಕದಿರಲಿ, ಅದರ ಪರವಾನಗಿ ಜೊತೆಗಿರಲಿ ಅಂದರು.

ಒಡೆಯುವ ಫಂಕ್ಷನ್ ಅದೇ ವಾರಾಂತ್ಯದಲ್ಲಿ ಆಡ್‌ಆನ್ ಆಯಿತು. 1.xನಲ್ಲಿ ಪಿ5.ಪ್ರೊಟೊಟೈಪ್‌ಗೆ ಫಂಕ್ಷನ್ ಅಂಟಿಸಿದರೆ ಸಾಕು. 2.xನಲ್ಲಿ ರಿಜಿಸ್ಟರ್‌ಆಡ್‌ಆನ್ ಅಂತ ಇದೆ. ಅದು ಕೊಡುವ ಎಫ್‌ಎನ್ ಅನ್ನುವುದರ ಮೇಲೆ ಅಂಟಿಸಬೇಕು. ಎರಡಕ್ಕೂ ನಡೆಯುವ ಹಾಗೆ ಬರೆದೆ, ಒಟ್ಟು 70 ಸಾಲು. 300 ಸಾಲಿದ್ದದ್ದು 70ಕ್ಕೆ ಹೇಗೆ ಇಳಿಯಿತು ಅಂತ ಕೇಳಬೇಡಿ.

ಆಡ್‌ಆನ್ ಬಳಸುವವರಿಗೆ ಒಂದು ಮಾತು: ಒಡೆದ ಅಕ್ಷರಗಳ ಅಗಲವನ್ನು ಬೇರೆ ಬೇರೆ ಅಳೆದು ಕೂಡಿಸಿ ಜಾಗ ಲೆಕ್ಕ ಹಾಕಬೇಡಿ, ಕೊನೆಗೆ ಒಂದೆರಡು ಪಿಕ್ಸೆಲ್ ಸರಿದುಹೋಗುತ್ತದೆ. ಸಾಲಿನ ಆರಂಭದಿಂದ ಆ ಅಕ್ಷರದ ಹಿಂದಿನವರೆಗಿನ ಬರಹವನ್ನು ಇಡಿಯಾಗಿ, ಅಗಲ ಅಳೆಯುವ ಟೆಕ್ಸ್ಟ್‌ವಿಡ್ತ್‌ಗೆ ಕೊಡಿ.

6. ಸೆಪ್ಟೆಂಬರ್ 13 (4 ಗಂಟೆ)

ನಡುವೆ ಒಂದು ಸಣ್ಣ ಕೆಲಸ. ಕೈಪಿಡಿ ಓದುತ್ತಿದ್ದಾಗ ಒಂದು ಕಡೆ ಉದಾಹರಣೆಯ ಕೋಡಿಗೂ ಅದರ ಪಕ್ಕದ ವಿವರಣೆಗೂ ತಾಳೆಯಾಗುತ್ತಿರಲಿಲ್ಲ. ಕೈಪಿಡಿಯ ಪುಟಗಳು ಬೇರೆಲ್ಲೋ ಇಲ್ಲ, ಮೂಲ ಕೋಡಿನ ಮೇಲಿರುವ ಕಾಮೆಂಟುಗಳಿಂದಲೇ ಹುಟ್ಟುತ್ತವೆ. ಹಾಗಾಗಿ ಫಂಕ್ಷನ್ ಇರುವ ಕಡತವನ್ನೇ ತೆರೆದು, ಮೇಲಿನ ಕಾಮೆಂಟು ತಿದ್ದಿ, ಉದಾಹರಣೆಯನ್ನು ಹೊಸದಾಗಿ ಬರೆದೆ.

ವಾಪಸ್ ಬಂತು. ಉದಾಹರಣೆಯಲ್ಲಿ ಡಿಸ್ಕ್ರೈಬ್ ಸಾಲು ಇರಲಿಲ್ಲ. ಕಣ್ಣು ಕಾಣದವರು ಸ್ಕ್ರೀನ್ ರೀಡರಿನಲ್ಲಿ ಕೇಳಿಸಿಕೊಳ್ಳಲು ಚಿತ್ರದಲ್ಲಿ ಏನಿದೆ ಅಂತ ಒಂದು ವಾಕ್ಯ ಬರೆಯಬೇಕು, ಪ್ರತಿ ಉದಾಹರಣೆಗೂ. ಸುಲಭ ಅಂದುಕೊಂಡು "ಒಂದು ವೃತ್ತ ಚಲಿಸುತ್ತದೆ" ಅನ್ನುವ ಅರ್ಥದಲ್ಲಿ ಬರೆದೆ. ಅದೂ ಸಾಲದು: ಯಾವ ಬಣ್ಣ, ಯಾವ ಹಿನ್ನೆಲೆ, ಎಲ್ಲಿಂದ ಎಲ್ಲಿಗೆ? ಮೂರನೇ ಸಲಕ್ಕೆ ಸರಿಹೋಯಿತು. ಆ ಒಂದು ವಾಕ್ಯಕ್ಕೆ ಹೋದಷ್ಟು ಹೊತ್ತು ಕೋಡಿಗೆ ಹೋಗಿರಲಿಲ್ಲ. ಇದೊಂದು ಮಾತ್ರ ಈಗಾಗಲೇ ಒಳಗೆ ಸೇರಿದೆ. ಕೈಜೋಡಿಸಿದವರ ಪಟ್ಟಿಯಲ್ಲಿ ಹೆಸರು ಹಾಕುವ ಬಾಟ್ ಇದೆ; ಕೋಡ್, ಡಾಕ್ಯುಮೆಂಟು, ಟೆಸ್ಟು, ಅನುವಾದ, ಬಗ್ ವರದಿ ಎಲ್ಲಕ್ಕೂ ಅದರಲ್ಲಿ ಬೇರೆ ಬೇರೆ ಗುರುತು. ನನ್ನ ಹೆಸರಿನ ಕೆಳಗೆ ಪುಸ್ತಕದ ಚಿತ್ರ ಬಂತು. ಅದನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದೇನೆ, ನಾಚಿಕೆ ಇಲ್ಲ.

ಅದೇ ಹುರುಪಿನಲ್ಲಿ ದೋಷ ಸಂದೇಶಗಳ ಅನುವಾದಕ್ಕೂ ಕೈ ಹಾಕಿದೆ. ತಪ್ಪು ಮಾಡಿದಾಗ ಪಿ5 ಸ್ನೇಹದಿಂದ ತಿದ್ದುವ ಸಂದೇಶಗಳು ಒಂದು ಜೇಸನ್ ಕಡತದಲ್ಲಿವೆ. ಒಂಬತ್ತು ಸಂದೇಶ ಮಾಡಿ ನಿಲ್ಲಿಸಿದೆ. "ವೇರಿಯಬಲ್" ಅನ್ನುವುದನ್ನು ಚರಾಕ್ಷರ ಅನ್ನಲೇ, ವೇರಿಯಬಲ್ ಅಂತಲೇ ಬಿಡಲೇ? ಕೋಡ್ ಕಲಿಯಲು ಬಂದ ಹುಡುಗನಿಗೆ ಚರಾಕ್ಷರ ಅಂದರೆ ಗಣಿತದ ಕ್ಲಾಸಿನ ಭಯ ನೆನಪಾಗುತ್ತದೆ. ಒಬ್ಬನೇ ಕುಳಿತು ತೀರ್ಮಾನಿಸುವ ವಿಷಯವಲ್ಲ ಅನ್ನಿಸಿ ಬಿಟ್ಟೆ.

7. ಸೆಪ್ಟೆಂಬರ್ 21ರಿಂದ ಅಕ್ಟೋಬರ್ 4 (14 ಗಂಟೆ)

ಕೊನೆಗೂ ಟೆಸ್ಟ್. ಪಿ5ನಲ್ಲಿ ವಿಷುವಲ್ ಟೆಸ್ಟ್ ಅಂತ ಒಂದು ಬಗೆ ಇದೆ. ಚಿಕ್ಕ ಸ್ಕೆಚ್ ಬರೆದು ಸ್ಕ್ರೀನ್‌ಶಾಟ್ ಅಂತ ಕರೆದರೆ, ಬಂದ ಚಿತ್ರವನ್ನು ಮೊದಲೇ ಉಳಿಸಿಟ್ಟ ಚಿತ್ರದ ಜೊತೆ ಹೋಲಿಸುತ್ತದೆ. ಬೇರೆಯಾದರೆ ಫೇಲು. ನಾನು ಬರೆದ ಸಾಲು: "ಕ್ಷ ಜ್ಞ ಸ್ತ್ರೀ ರಾಷ್ಟ್ರ ಸೂರ್ಯ". ಒತ್ತು, ಒತ್ತಿಗೆ ಒತ್ತು, ಅರ್ಕಾವತ್ತು ಎಲ್ಲ ಬಂದವು.

ಫಾಂಟ್ ಚಿಕ್ಕದು ಮಾಡಬೇಕಿತ್ತು. ನೋಟೋ ಸಾನ್ಸ್ ಕನ್ನಡಕ್ಕೆ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಇದೆ, ಕತ್ತರಿಸಿ ಹಂಚಬಹುದು, ಪರವಾನಗಿಯ ಕಡತ ಜೊತೆಗಿರಬೇಕು. ಫಾಂಟ್‌ಟೂಲ್ಸ್‌ನ ಸಬ್‌ಸೆಟ್ ಆಜ್ಞೆಗೆ ಬೇಕಾದ ಬರಹ ಕೊಟ್ಟರೆ ಅಷ್ಟಕ್ಕೆ ಬೇಕಾದ ಆಕಾರಗಳನ್ನು ಮಾತ್ರ ಉಳಿಸುತ್ತದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಇನ್ನೂ ನಾಲ್ಕಾರು ಕಿಲೋಬೈಟ್ ಉಳಿಸುವ ಚಪಲಕ್ಕೆ ಲೇಔಟ್ ಫೀಚರ್‌ಗಳ ಪಟ್ಟಿಯನ್ನೂ ಖಾಲಿ ಮಾಡಿದೆ. ಕಡತ ಚೆನ್ನಾಗಿ ಇಳಿಯಿತು. ಟೆಸ್ಟ್ ಓಡಿಸಿದೆ, ಹಸಿರು, ಅಂದರೆ ಪಾಸು. ಮತ್ತೆ ಓಡಿಸಿದೆ, ಹಸಿರು. ಪುಲ್ ರಿಕ್ವೆಸ್ಟ್ ಕಳಿಸಿದೆ, ಈ ಸಲ ಸರಿಯಾದ ಬ್ರಾಂಚಿಗೆ, ಇಶ್ಯೂ ಸಂಖ್ಯೆ ಸಮೇತ.

ನಾಲ್ಕು ದಿನ ಆದ ಮೇಲೆ ಪುಲ್ ರಿಕ್ವೆಸ್ಟ್ ಪರಿಶೀಲಿಸುವವರೊಬ್ಬರು ಕೇಳಿದರು: ನನಗೆ ಈ ಲಿಪಿ ಓದಲು ಬರುವುದಿಲ್ಲ, ಆದರೆ ಉಳಿಸಿಟ್ಟ ಚಿತ್ರದಲ್ಲಿರುವುದು ಇಶ್ಯೂನಲ್ಲಿ ನೀವು ತೋರಿಸಿದ ಆಕಾರದ ಹಾಗೆ ಇಲ್ಲವಲ್ಲ, ಇದು ಸರಿಯೇ?

ಚಿತ್ರ ತೆರೆದೆ. "ಕ್‌ಷ ಜ್‌ಞ". ಒಂದು ಒತ್ತೂ ಕೂಡಿಲ್ಲ. ಅರ್ಕಾವತ್ತು ಇಲ್ಲ. ಒಂದನೇ ಕ್ಲಾಸಿನ ಮಗು ಕೂಡ ತಪ್ಪು ಅನ್ನುವ ಹಾಗಿತ್ತು.

ಆಗಿದ್ದು ಇಷ್ಟು. ಒತ್ತಕ್ಷರ ಕೂಡಿಸುವ ಸೂಚನೆಗಳು ಫಾಂಟಿನೊಳಗೆ ಇರುವುದೇ ಆ ಲೇಔಟ್ ಫೀಚರ್‌ಗಳಲ್ಲಿ. ಅರ್ಕಾವತ್ತಿಗೊಂದು, ಕೆಳಗಿನ ಒತ್ತಿಗೊಂದು, ಹೀಗೆ. ನಾನು ಅವನ್ನು ಕಿತ್ತು ಬಿಸಾಡಿದ್ದೆ. ಇನ್ನು ಹೋಲಿಸಲು ಉಳಿಸಿಟ್ಟ ಚಿತ್ರ ಇಲ್ಲದಿದ್ದರೆ ಮೊದಲ ಓಟದಲ್ಲಿ ಬಂದ ಚಿತ್ರವನ್ನೇ ಮಾದರಿ ಅಂತ ಉಳಿಸಲಾಗುತ್ತದೆ. ತಪ್ಪು ಚಿತ್ರ ಮಾದರಿಯಾಯಿತು. ಆಮೇಲಿನ ಪ್ರತಿ ಓಟದಲ್ಲೂ ತಪ್ಪು ತಪ್ಪಿನ ಜೊತೆ ಹೊಂದಿತು, ಹಸಿರು ಬಂತು. ನಾನು ಹಸಿರು ನೋಡಿದೆ, ಚಿತ್ರ ನೋಡಲಿಲ್ಲ. ಆ ಇಡೀ ಕೆಲಸದಲ್ಲಿ ನನ್ನಿಂದ ನಿಜವಾಗಿ ಬೇಕಿದ್ದದ್ದು ಅದೊಂದೇ ಆಗಿತ್ತು. ಫಾಂಟ್ ಕತ್ತರಿಸುವುದು, ಟೆಸ್ಟ್ ಬರೆಯುವುದು ಅಲ್ಲಿರುವ ಯಾರಿಗಾದರೂ ನನಗಿಂತ ಚೆನ್ನಾಗಿ ಬರುತ್ತದೆ. ಆ ಚಿತ್ರದಲ್ಲಿರುವುದು ಕ್ಷ ಹೌದೋ ಅಲ್ಲವೋ ಅಂತ ಹೇಳಬಲ್ಲ ಕಣ್ಣು ನನ್ನದು. ಲಿಪಿ ಬಾರದವರು ಕಂಡುಹಿಡಿದದ್ದನ್ನು ಲಿಪಿ ಬರುವ ನಾನು ನಾಲ್ಕು ದಿನ ಕಾಣಲಿಲ್ಲ.

ಉತ್ತರ ಬರೆಯಲು ಕೈ ಬರಲಿಲ್ಲ ಅರ್ಧ ಗಂಟೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆದೆ: ಚಿತ್ರ ತಪ್ಪು, ನೀವು ಕೇಳಿದ್ದು ಒಳ್ಳೆಯದಾಯಿತು, ಎರಡು ದಿನ ಕೊಡಿ.

ಸರಿಮಾಡಿದ್ದು: ಫೀಚರ್‌ಗಳನ್ನು ಉಳಿಸಿ ಫಾಂಟನ್ನು ಮತ್ತೆ ಕತ್ತರಿಸಿದೆ. ಹಳೆಯ ಮಾದರಿ ಚಿತ್ರ ಅಳಿಸಿ ಹೊಸದು ಮಾಡಿಸಿದೆ. ಅಕ್ಷರ ಗಾತ್ರ 16ರಿಂದ 40ಕ್ಕೆ ಏರಿಸಿದೆ. 16ರಲ್ಲಿ ಷ್ಟ್ರ ಬರೀ ಬೂದು ಮುದ್ದೆಯಾಗಿ, ಒತ್ತು ಕಳಚಿದರೂ ಹೋಲಿಕೆಯಲ್ಲಿ ಗೊತ್ತಾಗುವಂತಿರಲಿಲ್ಲ. ಬೇಕೆಂದೇ ಕೆಟ್ಟ ಫಾಂಟ್ ಹಾಕಿ ಟೆಸ್ಟ್ ಫೇಲಾಗುತ್ತದೆಯೇ ಅಂತಲೂ ನೋಡಿದೆ. ಆಯಿತು, ಕೆಂಪು. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಇನ್ನೊಂದನ್ನೂ ಸೇರಿಸಿದೆ. ಟೆಸ್ಟಿನ ಮೇಲಿನ ಕಾಮೆಂಟಿನಲ್ಲಿ, ಲಿಪಿ ಬಾರದವರು ಚಿತ್ರ ನೋಡಿ ಪರೀಕ್ಷಿಸುವ ಹಾಗೆ ನಾಲ್ಕು ಗುರುತು: ಯಾವ ಅಕ್ಷರದ ತಲೆಯ ಮೇಲೂ ಬಿಡಿ ಹಲಂತದ ಕೊಕ್ಕೆ ಕಾಣಬಾರದು, ಮೂರನೆಯ ಪದ ಒಂದೇ ಗೊಂಚಲು, ನಾಲ್ಕನೆಯದು ಎರಡು ಗೊಂಚಲು, ಕೊನೆಯ ಪದದ ಬಲತುದಿಯಲ್ಲಿ ಅರ್ಕಾವತ್ತಿನ ಸುರುಳಿ ಇರಬೇಕು. ಇದನ್ನು ಓದಿದ ಮೇಲೆ ಅವರು ಬೇರೆ ಲಿಪಿಗಳಿಗೂ ಇದೇ ಥರ ಗುರುತು ಬರೆಸಬಹುದಲ್ಲ ಅಂದರು.

8. ಅಕ್ಟೋಬರ್ 11 (3 ಗಂಟೆ), ಸದ್ಯದ ಸ್ಥಿತಿ

ನನ್ನ ಲ್ಯಾಪ್‌ಟಾಪಿನಲ್ಲಿ ಹಸಿರು, ಅವರ ಸರ್ವರಿನಲ್ಲೂ ಹಸಿರು, ಚಿತ್ರವನ್ನು ಇಬ್ಬರು ಕನ್ನಡಿಗರಿಗೆ ತೋರಿಸಿ ಓದಿಸಿದ್ದೇನೆ. ಒಬ್ಬರು "ಸೂರ್ಯ" ಅನ್ನುವುದನ್ನು ಓದಿ, ಅರ್ಕಾವತ್ತಿನ ಬಾಲ ಕ್ಯಾನ್ವಾಸಿನ ಬಲ ಅಂಚಿಗೆ ಕತ್ತರಿಸಿದೆ ಅಂದರು. ಹೌದು, ಎರಡು ಪಿಕ್ಸೆಲ್. ಕ್ಯಾನ್ವಾಸಿನ ಅಗಲವನ್ನು 20 ಪಿಕ್ಸೆಲ್ ಹೆಚ್ಚಿಸಿ, ಚಿತ್ರ ಮತ್ತೆ ತೆಗೆದು, ಕಮಿಟ್ ಹಾಕಿದೆ. ಅಂತಿಮ ಒಪ್ಪಿಗೆಗೆ ಕಾಯುತ್ತಿದ್ದೇನೆ.

ಬಾಕಿ: "ರ‍್ಯಾಂಕ್" ಪದಕ್ಕೆ ಬೇರೆ ಟೆಸ್ಟ್ ಬೇಕು. ಕತ್ತರಿಸಿದ ಫಾಂಟಿನಲ್ಲಿ ೞ ಇಲ್ಲ, ನಿನ್ನೆ ರಾತ್ರಿ ಗೊತ್ತಾಯಿತು. ರೆಜೆಕ್ಸಿನಲ್ಲಿ ಒಮ್ಮೆ, ಫಾಂಟಿನಲ್ಲಿ ಇನ್ನೊಮ್ಮೆ, ಒಂದೇ ಅಕ್ಷರವನ್ನು ಎರಡು ಸಲ ಹೊರಗೆ ಬಿಟ್ಟಿದ್ದೇನೆ. ಅಕ್ಷರ ಮಳೆಯ ಸ್ಕೆಚ್ ಆಗಸ್ಟ್ 9ರಂದು ಎಲ್ಲಿತ್ತೋ ಅಲ್ಲೇ ಇದೆ, ಅಕ್ಷರಗಳು ಬೀಳುತ್ತವೆ, ಪುಟಿದು ಮೇಲೆ ಹೋಗುವುದನ್ನು ಇನ್ನೂ ಬರೆದಿಲ್ಲ.